ಒಂಬತ್ತೂ ಗುಂಡಿ ಒತ್ತಿದವನಿಂದ ಮರ ಆಯ್ಕೆ ಯಂತ್ರಕ್ಕೆ

ಮಾನ್ಯರೇ,

ಸಸಿ ಕಚೇರಿಯ ಎರಡನೇ ಕೋಣೆಯಲ್ಲಿ, ಕಿಟಕಿಗೂ ಕಡತದ ಬೀರುವಿಗೂ ನಡುವೆ, ಅಲ್ಲಿರುವ ಒಂದೇ ಫ್ಯಾನಿನ ಗಾಳಿಯನ್ನೆಲ್ಲ ತಾವೊಬ್ಬರೇ ಕುಡಿಯುತ್ತ ನಿಂತಿರುವ ಮರ ಆಯ್ಕೆ ಯಂತ್ರದವರ ಗಾಜಿನ ಮುಖಾರವಿಂದಕ್ಕೆ, ಗುಡ್ಡದ ಆಚೆ ಮಗ್ಗುಲಿನ ಎರಡೆಕರೆಯವನಾದ ನಾನು ದೂರದಿಂದಲೇ ಕೈಮುಗಿಯುತ್ತೇನೆ. ಹತ್ತಿರ ಬಂದು ಮುಗಿಯೋಣವೆಂದರೆ, ಕಳೆದ ಸಲ ತಾವು ಮುಖದ ಮೇಲೆ 'ದಯವಿಟ್ಟು ಕಾಯಿರಿ' ಎಂದು ಬರೆದುಕೊಂಡು ವಿಶ್ರಾಂತಿಯಲ್ಲಿದ್ದಿರಿ. ನಾನು ಒಂದು ಗಂಟೆ ನಲವತ್ತು ನಿಮಿಷ ಕಾದು, ತಮ್ಮ ನಿದ್ದೆ ಕೆಡಬಾರದೆಂದು ತುದಿಗಾಲಲ್ಲಿ ಹೊರಟುಬಂದೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆಯ ಋಣ ತೀರಿಸಿದವನು. ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ. ತಮ್ಮ ಬಾಯಿಂದ ಬರುವ ಚೀಟಿಯಲ್ಲೂ ಅರ್ಧ ಅಕ್ಷರ ಅಳಿಸಿಹೋಗಿರುತ್ತದೆ, ಅದನ್ನು ನಾವು ಯಾರೂ ಎತ್ತಿ ಆಡಿಲ್ಲ. ಈ ಪತ್ರದ ಒಂದು ಪ್ರತಿಯನ್ನು ಕ್ಷೌರಿಕನ ಅಂಗಡಿಯ ಕನ್ನಡಿಯ ಪಕ್ಕದಲ್ಲೂ ಇನ್ನೊಂದನ್ನು ಬಸ್ಸು ನಿಲ್ಲುವ ಕಟ್ಟೆಯಲ್ಲೂ ಅಂಟಿಸಿದ್ದೇನೆ, ಓದಲು ತಮಗೆ ಪುರುಸೊತ್ತಾಗದಿದ್ದರೆ ಊರಿನವರಾದರೂ ಓದಲಿ ಎಂದು.

ಮೊದಲು ತಮ್ಮ ಗುಣಗಾನ. ತಾವು ಬರುವ ಮುಂಚೆ ನಮ್ಮ ಹೊಲಕ್ಕೆ ಮರ ಆರಿಸುತ್ತಿದ್ದವರು ಒಬ್ಬ ಸಾಹೇಬರು. ಅವರು ಜೀಪಿನಿಂದ ಒಂದು ಕಾಲು ಮಾತ್ರ ಕೆಳಗಿಟ್ಟು, ಮಣ್ಣಿನ ಕಡೆ ನೋಡದೆ ಆಕಾಶದ ಕಡೆ ನೋಡಿ, ತೇಗ ಎನ್ನುತ್ತಿದ್ದರು. ಕೆಂಪು ಮಣ್ಣಿಗೂ ತೇಗ, ಕಪ್ಪು ಮಣ್ಣಿಗೂ ತೇಗ, ನೀರು ನಿಲ್ಲುವ ಗುಂಡಿಗೂ ತೇಗ. ಅವರು ಇನ್ನೊಂದು ಕಾಲನ್ನೂ ಕೆಳಗಿಟ್ಟಿದ್ದರೆ ಏನು ಹೇಳುತ್ತಿದ್ದರೋ ಎಂಬ ಕುತೂಹಲ ನಮ್ಮಲ್ಲಿ ಹಲವರಿಗೆ ಇವತ್ತಿಗೂ ಇದೆ. ಹೀಗಿರುವಾಗ, ಬೆಳೆಯ ನಡುವೆ ಮರ ಬೆಳೆಸಿ, ಯಾರಿಗೆ ಯಾವ ಉಪಯೋಗದ ಮರ ಬೇಕೋ ಅದನ್ನು ಯಂತ್ರವೇ ಅರವತ್ತೆರಡು ಜಾತಿಗಳಲ್ಲಿ ಹುಡುಕಿ ಕೊಡುತ್ತದೆ ಎಂದು ತಮ್ಮನ್ನು ತಂದು ನಿಲ್ಲಿಸಿದಾಗ, ನಾವು ನಲವತ್ತೆರಡು ಮನೆಯವರು ತಲೆ ಬಾಚಿಕೊಂಡು ಬಂದು ಸಾಲಾಗಿ ನಿಂತದ್ದು ತಮಗೆ ನೆನಪಿರಬಹುದು. ತಮ್ಮ ಎದೆಯ ಮೇಲೆ ಒಂಬತ್ತು ಗುಂಡಿಗಳಿದ್ದವು: ಮೇವು, ಸೌದೆ, ಮರಮುಟ್ಟು, ಹಣ್ಣು, ನೆರಳು, ಗೊಬ್ಬರ, ಬೇಲಿ, ಔಷಧಿ, ಜೇನು. ಬೇಕಾದ್ದನ್ನು ಒತ್ತಿರಿ ಎಂದು ತಾವು ಎಷ್ಟು ಮೃದುವಾಗಿ ಕೇಳಿದಿರಿ ಎಂದರೆ, ಅಷ್ಟು ಮೃದುವಾಗಿ ನನ್ನನ್ನು ಏನು ಬೇಕೆಂದು ಕೇಳಿದವರು ನನ್ನ ಮದುವೆಯ ದಿನವೂ ಯಾರೂ ಇರಲಿಲ್ಲ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿಯನ್ನು ತಮಗೆ ವಿವರಿಸಬೇಕು, ತಾವು ಹೊಸಬರು. ಕಚೇರಿಯಲ್ಲಿ ನಮಗೆ ಒಂದು ಬೇಕಾದರೆ ನಾವು ಎರಡು ಕೇಳುತ್ತೇವೆ. ನನ್ನ ತಂದೆ ಹಳ್ಳಕ್ಕೆ ಸೇತುವೆ ಕೇಳಿ ಒಂದು ಹಲಗೆ ಪಡೆದವರು. ಹಲಗೆಯನ್ನೇ ಕೇಳಿದ್ದರೆ ಒಂದು ಕೋಲು ಸಿಗುತ್ತಿತ್ತು, ಅದನ್ನೂ ನಾವೇ ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತು. ಆದ್ದರಿಂದ ಸಾಲಿನಲ್ಲಿ ನಿಂತಾಗ ನಮ್ಮ ಕ್ಷೌರಿಕ, ಕತ್ತರಿಸುವ ವಿದ್ಯೆಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವನು, ನನ್ನ ಕಿವಿಯ ಹತ್ತಿರ ಬಗ್ಗಿ, "ಒಂಬತ್ತೂ ಒತ್ತಿಬಿಡು ಮಾವ. ಅರ್ಧ ಅವರು ಹೊಡೆದುಹಾಕ್ತಾರೆ, ಉಳಿದರ್ಧ ನಮಗೆ" ಎಂದ. ನನಗೂ ಸರಿಯೆನಿಸಿತು. ನನ್ನ ಹಿಂದಿನವರಿಗೂ ಸರಿಯೆನಿಸಿತು. ನಲವತ್ತೆರಡು ಮನೆಯವರೂ ಒಬ್ಬರ ಹಿಂದೆ ಒಬ್ಬರು ಬಂದು, ಹಾರ್ಮೋನಿಯಂ ಕಲಿಯುವವರಂತೆ, ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಗುಂಡಿಗಳನ್ನೂ ಒತ್ತಿದೆವು. ಸ್ವಾಮೀ, ಕಚೇರಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಕೇಳಿದ್ದನ್ನೆಲ್ಲ ಕತ್ತರಿಸದೆ ಕೊಟ್ಟವರು ತಾವು. ಅದೇ ಈಗ ನನ್ನ ದೂರು.

ಅರವತ್ತೆರಡರಲ್ಲಿ ಒಂಬತ್ತೂ ಉಪಯೋಗ ಇರುವುದು ಒಂದೇ ಮರವಂತೆ, ಸಂಖ್ಯೆ ಹದಿನೇಳು. ಅದರ ನಿಜವಾದ ಹೆಸರು ಚೀಟಿಯ ಅಗಲ ಸಾಲದೆ ಎರಡು ಸಾಲಿಗೆ ಬಂದಿತ್ತು; ನಾವು ಆಲ್‌ರೌಂಡರ್ ಎಂದು ಕರೆದೆವು. ನನಗೆ ನಾನೂರು ಬಂದವು. ಪಕ್ಕದವನಿಗೆ ಮುನ್ನೂರು. ಊರಿಗೆ ಊರೇ ಹದಿನೇಳಾಯಿತು. ಎರಡೇ ವರ್ಷದಲ್ಲಿ ಹದಿನೆಂಟು ಅಡಿ ಎದ್ದು ನಿಂತವು, ಎಲ್ಲವೂ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಬಾಗು. ಕಲ್ಲು ಕಟ್ಟುವ ನನ್ನ ಭಾವಮೈದುನ ನಮಗೆ ಸಹಾಯ ಮಾಡಲು ಬಂದವನು ಅರ್ಧ ದಿನ ಬೆವರು ಸುರಿಸಿ ಕಳೆ ಕಿತ್ತು, ಕೊನೆಗೆ ನೀರು ಕುಡಿಯಲು ತಲೆ ಎತ್ತಿದಾಗ ತಾನಿರುವುದು ನಾನು ಆರು ವರ್ಷದಿಂದ ಮಾತು ಬಿಟ್ಟವನ ಹೊಲದಲ್ಲಿ ಎಂದು ಅವನಿಗೆ ಗೊತ್ತಾಯಿತು. ಆ ಹೊಲದವನು ಸಂಜೆ ನಮ್ಮ ಮನೆಗೆ ಬಂದು ಮಾತು ಶುರು ಮಾಡಿದ. ಇದೊಂದು ಉಪಕಾರ ತಮ್ಮಿಂದ ಆಗಿದೆ, ಮರೆಯುವುದಿಲ್ಲ.

ಉಳಿದ ಉಪಯೋಗಗಳನ್ನೂ ಒಂದೊಂದಾಗಿ ಅನುಭವಿಸಿದ್ದೇವೆ. ಮೇವಿದೆ, ಸುಳ್ಳಲ್ಲ, ನಮ್ಮ ಹಸು ಆ ಎಲೆಯನ್ನು ಬಾಯಿಗೆ ಹಾಕಿಕೊಂಡು, ಬೇಡವೆಂದರೆ ನಾನು ನೊಂದುಕೊಳ್ಳುತ್ತೇನೆಂದು, ಗೋಡೆ ನೋಡುತ್ತ ಅಗಿಯುತ್ತದೆ. ಸೌದೆ ಉರಿಯುತ್ತದೆ, ಆದರೆ ಉರಿಗಿಂತ ಮೊದಲು ಹೊಗೆ ಬಂದು ಮನೆಯವರನ್ನೆಲ್ಲ ಹೊರಗೆ ಕಳಿಸಿ, ಒಳಗೆ ಏಕಾಂತದಲ್ಲಿ ಉರಿಯುತ್ತದೆ. ಮರಮುಟ್ಟಿನಿಂದ ನನ್ನಾಕೆಗೆ ಅಡುಗೆಮನೆಯಲ್ಲಿ ಒಂದು ಹಲಗೆ ಹೊಡೆಸಿಕೊಟ್ಟೆ. ಡಬ್ಬಿಗಳೆಲ್ಲ ಈಗ ನಡುವಿಗೆ ಜಾರಿ ಒಂದರ ಹೆಗಲ ಮೇಲೊಂದು ಒರಗಿ ಕೂತಿವೆ, ಬೇಳೆ ತೆಗೆಯಲು ಹೋದರೆ ಸಕ್ಕರೆಯೂ ಜೊತೆಗೆ ಬರುತ್ತದೆ. ಹಣ್ಣು ತಿಂದರೆ ಸಾಯುವುದಿಲ್ಲ, ಅದಕ್ಕಿಂತ ಹೆಚ್ಚು ಹೊಗಳಲು ನನ್ನ ಬಳಿ ಮಾತಿಲ್ಲ. ನೆರಳು ಬೇಕಾದ ಬಿರುಬೇಸಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಬೆಳೆಗೆ ಬಿಸಿಲು ಬೇಕಾದ ಮಳೆಗಾಲದಲ್ಲಿ ಕೊಡೆಯಂತೆ ಕವಿಯುತ್ತದೆ. ಔಷಧಿಯನ್ನು ನನ್ನ ಸೋದರಮಾವ ಮಂಡಿಗೆ ಅರೆದು ಹಚ್ಚಿಕೊಂಡರು. ಮಂಡಿನೋವು ಮರೆತೇ ಹೋಯಿತು, ತುರಿಕೆಯ ಕಡೆ ಗಮನ ಹೋದದ್ದರಿಂದ. ಇನ್ನು ಈಚೆಗೆ ಒಂದು ಹಸಿರು ಹುಳ ಬಂದಿದೆ. ಅದಕ್ಕೆ ಹದಿನೇಳೇ ಇಷ್ಟ, ಬೇರೇನನ್ನೂ ಮುಟ್ಟುವುದಿಲ್ಲ. ನಲವತ್ತೆರಡು ಮನೆಯಲ್ಲೂ ತನಗಾಗಿಯೇ ಎಲೆ ಹಾಕಿ ಬಡಿಸಿರುವುದನ್ನು ಕಂಡು ಆ ಹುಳಕ್ಕೆ ಎಷ್ಟು ಸಂತೋಷವಾಗಿದೆಯೆಂದರೆ, ಅದು ತಮ್ಮ ಫೋಟೋ ಇಟ್ಟು ಕೈಮುಗಿಯುತ್ತಿದ್ದರೂ ಆಶ್ಚರ್ಯವಿಲ್ಲ.

ಇಷ್ಟಾದರೂ ನಾನು ಪತ್ರ ಬರೆಯುತ್ತಿರಲಿಲ್ಲ. ಬಾಗಿದ ಹಲಗೆಯ ಜೊತೆ ಬದುಕಬಹುದು. ಒಂಬತ್ತನೇ ಗುಂಡಿಯ ವಿಷಯಕ್ಕೆ ಬರುತ್ತೇನೆ.

ನನಗೆ ಒಬ್ಬಳು ಅಕ್ಕ ಇದ್ದಾಳೆ, ಎರಡು ಬೀದಿ ಆಚೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಹನ್ನೆರಡು ವರ್ಷದಿಂದ ನನ್ನ ಹೊಲದ ಬದುವಿನಲ್ಲಿ ಅವಳ ಹನ್ನೊಂದು ಜೇನುಪೆಟ್ಟಿಗೆಗಳಿವೆ. ದಿನಾ ಬೆಳಿಗ್ಗೆ ಬಂದು ಒಂದೊಂದು ಪೆಟ್ಟಿಗೆಗೂ ಕಿವಿ ಇಟ್ಟು ಕೇಳುತ್ತಾಳೆ, ಮೊದಲು ಅವುಗಳನ್ನು ವಿಚಾರಿಸಿಕೊಂಡು, ಆಮೇಲೆ ನನ್ನನ್ನು ಬೈದು, ಬಟ್ಟೆ ಹೊಲಿಯಲು ಹೋಗುತ್ತಾಳೆ. ಆ ನೊಣಗಳಿಂದಲೇ ನನ್ನ ಕುಂಬಳ ಕಾಯಿ ಕಚ್ಚುವುದು, ಆ ಬೈಗುಳದಿಂದಲೇ ನಾನು ಹಾಸಿಗೆ ಬಿಟ್ಟೇಳುವುದು. ಎರಡು ವರ್ಷದ ಹಿಂದೆ ನಾನು ತಮ್ಮ ದರ್ಶನಕ್ಕೆ ಹೊರಟಾಗ ಅವಳು ಬದುವಿನ ಮೇಲೆ ನಿಂತು, "ನಾನು ಒಂದೇ ಒಂದು ಕೇಳ್ತೀನಿ ಕಣೋ. ಮಳೆ ಹಿಡಿದ ಎರಡು ತಿಂಗಳು ಹೂ ಬಿಡೋ ಮರ ಸಿಕ್ಕರೆ ತಗೊಂಡ್ ಬಾ. ಮಿಕ್ಕಿದ್ದು ನಿನ್ನಿಷ್ಟ" ಎಂದಿದ್ದಳು. ಮಳೆ ಕೂತ ಆ ಎರಡು ತಿಂಗಳು ಎಲ್ಲೂ ಹೂವಿರುವುದಿಲ್ಲ, ಇದ್ದದ್ದೂ ತೊಳೆದುಹೋಗುತ್ತದೆ. ನೊಣಗಳು ಕೂಡಿಟ್ಟದ್ದನ್ನು ತಿಂದು ಮುಗಿಸಿ, ಹಸಿವು ತಾಳದೆ ಗೂಡು ಬಿಟ್ಟು ಹೋಗುತ್ತವೆ. ನಾನು ಜೇನಿನ ಗುಂಡಿ ಒತ್ತಿದೆ. ಉಳಿದ ಎಂಟರ ಜೊತೆ ಅದನ್ನೂ ಒತ್ತಿದೆ. ಅಕ್ಕನ ಕೆಲಸ ಆಯಿತು ಎಂದುಕೊಂಡೆ.

ಆಲ್‌ರೌಂಡರ್ ಹೂ ಬಿಡುತ್ತದೆ. ಬಿಡುವುದು, ಬೇಲಿಯ ಮುಳ್ಳು ಕೂಡ ಹೂ ಬಿಡುವ ಸುಗ್ಗಿಯ ಕಾಲದಲ್ಲಿ, ಹನ್ನೆರಡು ದಿನ. ನೊಣಗಳು ಅದರ ಪಕ್ಕದಲ್ಲೇ ಹಾರಿ ಬೇರೆ ಕಡೆ ಹೋಗುತ್ತವೆ. ಅಕ್ಕ ಆ ಹೂವನ್ನು ನೋಡಿದಳು, ನನ್ನನ್ನು ನೋಡಿದಳು, "ಹೊಟ್ಟೆ ತುಂಬಿದ ದಿನ ಊಟಕ್ಕೆ ಕರೆಯೋ ನೆಂಟ ಇದ್ದ ಹಾಗಿದೆ ನಿನ್ನ ಮರ" ಎಂದಳು. ಅದಾದ ಮೇಲೆ ಅವಳು ನನ್ನನ್ನು ಬೈಯುವುದನ್ನೇ ನಿಲ್ಲಿಸಿದಳು. ನಾನು ಊರಿಗೆಲ್ಲ ನಗೆಚಾಟಿಕೆ ಮಾಡುವವನು, ಆದರೂ ಹೇಳುತ್ತೇನೆ, ಆ ಬೆಳಿಗ್ಗೆಗಳು ಚೆನ್ನಾಗಿರಲಿಲ್ಲ. ಈ ಮಳೆಗಾಲ ಶುರುವಾದ ಮೂರನೇ ವಾರಕ್ಕೆ ಮೂರು ಪೆಟ್ಟಿಗೆ ಖಾಲಿಯಾದವು. ಉಳಿದ ಎಂಟನ್ನು, ಬಯಲಿನ ಕಡೆ ಜೇನು ಸಾಕುವ ಒಬ್ಬ ಗೆಳತಿಯ ತೋಟಕ್ಕೆ ಗುರುವಾರ ಸಾಗಿಸುವುದೆಂದು ಗಾಡಿಯವನಿಗೆ ಹೇಳಿ, ಪೆಟ್ಟಿಗೆಗಳ ಬಾಯಿಗೆ ಕಟ್ಟಲು ಅಳತೆಗೆ ಸರಿಯಾಗಿ ಎಂಟು ಬಲೆಬಟ್ಟೆ ಹೊಲಿದಿಟ್ಟಳು. ತಾನೂ ಹೋಗುತ್ತಾಳಂತೆ, ನೊಣ ಇರುವಲ್ಲಿ ತಾನು. ಹೊಲಿಗೆ ಯಂತ್ರ ಎಲ್ಲಿಟ್ಟರೂ ಹೊಲಿಯುತ್ತದೆ ಎಂದು ನನ್ನಾಕೆಯ ಹತ್ತಿರ ಹೇಳಿದಳೇ ಹೊರತು ನನ್ನ ಹತ್ತಿರ ಹೇಳಲಿಲ್ಲ.

ಆ ಹೂವನ್ನು ಕಂಡ ವಾರವೇ, ಬೇಸಗೆಗೆ ಮುಂಚೆ, ಇದನ್ನು ಸರಿಮಾಡಲು ನಾನು ತಮ್ಮಲ್ಲಿಗೆ ಬಂದಿದ್ದೆ. ತಮ್ಮ ಪಕ್ಕದ ಗುಮಾಸ್ತರು ಒಳ್ಳೆಯವರು, ನನ್ನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ನೀವು ಒಂಬತ್ತು ಕೇಳಿದ್ರಿ, ಒಂಬತ್ತೂ ಇದೆಯಲ್ಲ" ಎಂದರು. ಇದೆ ಎಂದು ಒಪ್ಪಿದೆ. ಬೇರೆ ಜಾತಿ ಬೇಕಾದರೆ ಮೊದಲಿನ ಮರ ಸತ್ತಿರಬೇಕಂತೆ. ಐದು ವರ್ಷದವರೆಗೆ ಎಣಿಕೆ ನಡೆಯುತ್ತದೆ, ಬದುಕಿರುವ ಮರವನ್ನು ತಮ್ಮ ಒಪ್ಪಿಗೆ ಚೀಟಿ ಇಲ್ಲದೆ ಕಿತ್ತರೆ ಮುಂದೆ ಒಂದು ಸಸಿಯೂ ಇಲ್ಲ. ಮರ ಸಾಯಲಿ ಎಂದು ನಾನು ಕಳೆದ ಬೇಸಗೆಯಿಡೀ ಒಂದು ಸಾಲಿಗೆ ನೀರು ಹಾಕುವುದನ್ನೇ ನಿಲ್ಲಿಸಿ ನೋಡಿದೆ. ಆ ಸಾಲು ಉಳಿದವುಗಳಿಗಿಂತ ಒಂದು ಗೇಣು ಹೆಚ್ಚು ಬೆಳೆಯಿತು. ತಮ್ಮ ಆಯ್ಕೆಯ ಗುಣಮಟ್ಟಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆ ಒಪ್ಪಿಗೆ ಚೀಟಿ ಕೇಳೋಣವೆಂದು ಈ ಮಂಗಳವಾರ ಮತ್ತೆ ಹೊರಟಾಗ ಅಕ್ಕ ನನ್ನ ಜೊತೆ ಬಂದಳು. ನನಗೆ ಸಹಾಯ ಮಾಡಲು ಅಲ್ಲ, ಪೆಟ್ಟಿಗೆ ಸಾಗಿಸಲು ಬೇಕಾದ ರಹದಾರಿ ಪಡೆಯಲು. ಗುಡ್ಡ ಸುತ್ತಿ ಬರುವ ಬಸ್ಸಿನಲ್ಲಿ ಹನ್ನೊಂದು ಕಿಲೋಮೀಟರು, ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು. ತಾವು ವಿಶ್ರಾಂತಿಯಲ್ಲಿದ್ದ ಆ ದಿನವೇ ಅದು. ಕಾದು ಕಾದು ಅಕ್ಕ ನೀರು ಕುಡಿಯಲು ಕಚೇರಿಯ ಹಿಂದಿನ ನಲ್ಲಿಗೆ ಹೋದವಳು ಬರಲೇ ಇಲ್ಲ. ಹುಡುಕಿಕೊಂಡು ಹೋದರೆ, ತಮ್ಮ ಬೆನ್ನಿಗೆ ಸರಿಯಾಗಿ ಹಿಂದಿನ ಗೋಡೆಯಲ್ಲಿ, ಮಳೆನೀರಿನ ಕೊಳವೆ ಇಳಿಯುವ ಬಿರುಕಿನಿಂದ ಒಂದು ಮರ ಹೊರಬಂದು ಸೂರಿನ ಕೆಳಗೆ ಮೈ ಬಾಗಿಸಿ ನಿಂತಿತ್ತು, ಮೈತುಂಬ ಸಣ್ಣ ಸಣ್ಣ ಬಿಳಿ ಹೂವು. ಸೂರಿನ ಮರೆಯಿದ್ದದ್ದರಿಂದ ಒಂದು ಹೂವೂ ತೊಳೆದುಹೋಗಿರಲಿಲ್ಲ. ಮರ ಗುಂಯ್ ಎನ್ನುತ್ತಿತ್ತು. ಅಕ್ಕ ಚೊಂಬು ಹಿಡಿದುಕೊಂಡು, ನೀರು ಕುಡಿಯದೆ, ಹೊರಟ ನೊಣಗಳ ದಾರಿಯನ್ನೇ ನೋಡುತ್ತಿದ್ದಳು. ಅವೆಲ್ಲ ಕಾಂಪೌಂಡು ದಾಟಿ ನೇರ ಗುಡ್ಡದ ಕಡೆಗೆ, ನಮ್ಮ ಹೊಲದ ದಿಕ್ಕಿಗೆ ಹೋಗುತ್ತಿದ್ದವು. ನಮಗೆ ಹನ್ನೊಂದು ಕಿಲೋಮೀಟರು ಆಗುವುದು ನೊಣಕ್ಕೆ ಗುಡ್ಡದ ಮೇಲಿಂದ ಒಂದೂವರೆ. ಎಂಟು ಪೆಟ್ಟಿಗೆ ಇಷ್ಟು ದಿನ ಉಳಿದದ್ದು ಹೇಗೆಂದು ಅವಳಿಗೆ ಆಗ ತಿಳಿಯಿತು. ಎಷ್ಟೋ ತಿಂಗಳಿಂದ ನನ್ನ ಜೊತೆ ಮಾತಾಡದವಳು, ತಿರುಗಿಯೂ ನೋಡದೆ, "ಇಲ್ಲಿಗೆ ಬರ್ತಾ ಇದ್ವು ಕಣೋ" ಎಂದಳು.

ಸಸಿಗಳಿಗೆ ನೀರು ಹಾಕುತ್ತಿದ್ದ ಮಾಲಿಯನ್ನು ಕರೆದು ಕೇಳಿದೆವು. ಅದನ್ನು ಯಾರೂ ನೆಟ್ಟಿಲ್ಲವಂತೆ, ಯಾವುದೋ ಹಕ್ಕಿ ಉಗುಳಿ ಹೋದದ್ದಂತೆ, ಹೆಸರು ಅವನಿಗೂ ಗೊತ್ತಿಲ್ಲ, ಗೋಡೆ ಗಿಡ ಎನ್ನುತ್ತಾನೆ. ಪ್ರತಿ ವರ್ಷವೂ ಮಳೆಯಲ್ಲೇ ಹೂ ಬಿಡುತ್ತದೆ, ಕೊಂಬೆ ಮುರಿದು ಹಸಿಮಣ್ಣಿಗೆ ಚುಚ್ಚಿದರೆ ಚಿಗುರುತ್ತದೆ, ಹೂವು ಬರಲು ಮಾತ್ರ ಮೂರು ವರ್ಷ ಬೇಕು ಎಂದ. ಆಮೇಲೆ ಪೈಪು ಕೆಳಗಿಟ್ಟು, ಸೋಮವಾರ ಇದನ್ನು ಕಡಿಯುತ್ತಾರೆ, ಬೇರು ಗೋಡೆ ಸೀಳಿ ತಮ್ಮ ತಂತಿಯ ಹತ್ತಿರ ಬರುತ್ತಿದೆ, ಉಪಯೋಗವಿಲ್ಲದ ಗಿಡ ಎಂದು ಬರೆದಾಗಿದೆ, ಎಂದೂ ಹೇಳಿದ. ಅಕ್ಕ ರಹದಾರಿಯ ಮಾತೇ ಎತ್ತಲಿಲ್ಲ. ಸೆರಗು ಸಿಕ್ಕಿಸಿ, ಕೈಗೆಟುಕುವ ಕೊಂಬೆಗಳನ್ನು ಒಂದೊಂದಾಗಿ ಮುರಿದು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತಳು. ಕಂಡಕ್ಟರು ಗೋಣಿಗೂ ಟಿಕೆಟ್ಟು ಎಂದ, ನಾನು ಸಂತೋಷದಿಂದ ತೆಗೆದೆ.

ಈಗ ನನ್ನ ಸಣ್ಣಪುಟ್ಟ ಬಿನ್ನಹಗಳು. ಆ ಸಂಜೆಯೇ ಶುರುಮಾಡಿ ನಿನ್ನೆಯವರೆಗೆ ನಾವು ಮೂವರು, ಅಂದರೆ ಅಕ್ಕ, ನನ್ನಾಕೆ ಮತ್ತು ಬೈಸಿಕೊಳ್ಳುತ್ತ ನಾನು, ಬದುವಿನ ಪಕ್ಕದ ಸಾಲುಗಳಲ್ಲಿ ಒಂದು ಬಿಟ್ಟು ಒಂದರಂತೆ ಅರವತ್ತು ಆಲ್‌ರೌಂಡರುಗಳನ್ನು ಬುಡಸಮೇತ ಕಿತ್ತು, ಆ ಗುಂಡಿಗಳಲ್ಲಿ ಕೊಂಬೆ ಊರಿದ್ದೇವೆ. ಅದಕ್ಕೆ ತಾವು ಒಪ್ಪಿಗೆ ಚೀಟಿಯನ್ನು ದಯಪಾಲಿಸಬೇಕು, ಮತ್ತು ಚೀಟಿಯ ಮೇಲೆ ಮಂಗಳವಾರಕ್ಕಿಂತ ಹಿಂದಿನ ತಾರೀಖು ಇರಬೇಕು. ಕಾಯಿರಿ ಎಂದು ಹೇಳಿ ಕಾಲವನ್ನೇ ನಿಲ್ಲಿಸುವ ತಮಗೆ ಅದನ್ನು ಒಂದು ವಾರ ಹಿಂದಕ್ಕೆ ತಳ್ಳುವುದು ಕಷ್ಟವಾಗಲಾರದು. ಎರಡನೆಯದಾಗಿ, ಎದೆಯ ಮೇಲೆ ಹತ್ತನೇ ಗುಂಡಿಯೊಂದನ್ನು ಹೊಲಿಸಿಕೊಳ್ಳಿ, ಅದರ ಮೇಲೆ 'ಯಾವಾಗ' ಎಂದು ಬರೆಸಿ. ಮೇವು ಬೇಕು ಎಂದವನನ್ನು ಯಾವ ತಿಂಗಳು ಎಂದು ಕೇಳಿ, ನೆರಳು ಬೇಕು ಎಂದವಳನ್ನು ಯಾವುದರ ಮೇಲೆ ಎಂದು ಕೇಳಿ. ಒಬ್ಬೊಬ್ಬರೂ ಒಂದೊಂದೇ ಕೇಳಿದರೂ ಕೈ ತುಂಬ ಸಿಗುತ್ತದೆ ಎಂದು ಗೋಡೆಗೆ ಒಂದು ಬೋರ್ಡು ಹಾಕಿಸಿ. ನಮಗೆ ನಂಬಿಕೆ ಬರಲು ಎರಡು ತಲೆಮಾರು ಹಿಡಿಯುತ್ತದೆ, ಆದರೂ ಹಾಕಿಸಿ. ಸಾಧ್ಯವಾದರೆ ತಾವೇ ಒಂದು ವರ್ಷ ನಮ್ಮ ಬದುವಿನ ಮೇಲೆ ಬಂದು ಇದ್ದು ಹೋಗಿ. ಮಳೆಗೆ ಗೋಣಿ ಹೊದಿಸುತ್ತೇವೆ, ಬೇಸಗೆಗೆ ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಗೊತ್ತಿಲ್ಲ, ತಮ್ಮ ಮರದ ಕೆಳಗೆ ನೆರಳಿರುವುದಿಲ್ಲ.

ಕೊನೆಯದು, ಇದು ತಮಾಷೆಯಲ್ಲ. ನಾವು ಊರಿದ ಕೊಂಬೆ ಹೂ ಬಿಡಲು ಮೂರು ವರ್ಷ. ಅಲ್ಲಿಯವರೆಗೆ ಎಂಟು ಪೆಟ್ಟಿಗೆಗೆ ಮಳೆಗಾಲದ ಅನ್ನ ಎಂದರೆ ತಮ್ಮ ಬೆನ್ನ ಹಿಂದಿನ ಆ ಒಂದು ಮರ. ಅಕ್ಕ ಗಾಡಿಯವನಿಗೆ ಗುರುವಾರ ಬೇಡ, ಮುಂದಿನ ಮಂಗಳವಾರ ಬಾ ಎಂದಿದ್ದಾಳೆ. ಸೋಮವಾರ ಮರ ಉಳಿದರೆ ಇರುತ್ತಾಳೆ, ಕಡಿದರೆ ಹೋಗುತ್ತಾಳೆ. ಬಲೆಬಟ್ಟೆಗಳನ್ನು ಇನ್ನೂ ಬಿಚ್ಚಿ ಎಸೆದಿಲ್ಲ, ಮಡಿಸಿ ಇಟ್ಟಿದ್ದಾಳೆ. ಆದ್ದರಿಂದ ಆ ಮರವನ್ನು ಬಿಡಿ. ಬೇರು ತಮ್ಮ ಕಡೆ ಬರುತ್ತಿದ್ದರೆ ತಾವು ಒಂದು ಮೊಳ ಪಕ್ಕಕ್ಕೆ ಸರಿದುಕೊಳ್ಳಿ. ಬೀರು ಸರಿಸಲು ನಾನೇ ಬರುತ್ತೇನೆ, ಭಾವಮೈದುನ ಬಂದು ಬಿರುಕಿಗೆ ಗಾರೆ ಮೆತ್ತುತ್ತಾನೆ. ಸರಿಯಾದ ಗೋಡೆಗೇ ಮೆತ್ತುವಂತೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ತಮ್ಮ ಗಾಜಿಗೆ ಧೂಳು ಕೂರದಿರಲಿ, ತಮ್ಮ ಕಾಗದದ ಸುರುಳಿ ಎಂದಿಗೂ ಮುಗಿಯದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಮುನ್ನೂರ ನಲವತ್ತು ಆಲ್‌ರೌಂಡರುಗಳ ಯಜಮಾನ

ಹಿಂಬರಹ: ಮೇಲಿನದನ್ನು ಭಾನುವಾರ ಬರೆದೆ, ಇದು ಸೋಮವಾರ ಸಂಜೆಯದು. ಇವತ್ತು ನಾನೂ ಅಕ್ಕನೂ ಮೊದಲ ಬಸ್ಸಿಗೇ ಬಂದು ಆ ಗೋಡೆಯ ಹತ್ತಿರ ನಿಂತಿದ್ದೆವು. ಮರ ಕಡಿಯುವವನು ಕೊಡಲಿ ಹೆಗಲಿಗೇರಿಸಿಕೊಂಡು ಬಂದ, ಆದರೆ ಅವನಿಗೆ ಆಜ್ಞಾಪತ್ರ ಬೇಕು, ಅದು ಬರಬೇಕಾದದ್ದು ತಮ್ಮ ಬಾಯಿಂದಲೇ. ಗುಮಾಸ್ತರು ಒತ್ತಿದರು. ಕಡಿಯಬೇಕಾದ ಮರದ ಸಂಖ್ಯೆ ಯಾವುದು ಎಂದು ತಾವು ಕೇಳಿದಿರಿ. ತಮ್ಮ ಅರವತ್ತೆರಡರಲ್ಲಿ ಅದು ಇಲ್ಲ. ಮಧ್ಯಾಹ್ನದವರೆಗೆ ಹುಡುಕಿದರು, ಮಾಲಿಯನ್ನು ಕೇಳಿದರು, ಅವನು ಗೋಡೆ ಗಿಡ ಎಂದ. ತಾವು 'ಇಂಥ ಮರ ಇರುವುದಿಲ್ಲ' ಎಂದು ಖಡಾಖಂಡಿತವಾಗಿ ಬರೆದು ತೋರಿಸಿದಿರಿ. ಇಲ್ಲದ ಮರವನ್ನು ಕಡಿಯಲು ತನಗೆ ಬರುವುದಿಲ್ಲ ಎಂದು ಅವನು ಕೊಡಲಿ ಎತ್ತಿಕೊಂಡು ಹೋದ. ಅಕ್ಕ ಅಲ್ಲಿಂದಲೇ ಗಾಡಿಯವನಿಗೆ ಫೋನು ಮಾಡಿ ಬರಬೇಡ ಎಂದಳು, ಆಮೇಲೆ ಬಸ್ಸಿನಲ್ಲಿ ಹನ್ನೊಂದು ಕಿಲೋಮೀಟರೂ ನನ್ನನ್ನು ಬೈದಳು. ಆದ್ದರಿಂದ ನನ್ನ ಎಲ್ಲ ಬಿನ್ನಹಗಳನ್ನು ಹಿಂದಕ್ಕೆ ಪಡೆದು ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ: ತಾವು ದಯವಿಟ್ಟು ಇನ್ನು ಮೂರು ವರ್ಷ ಹೊಸದೇನನ್ನೂ ಕಲಿಯಬೇಡಿ.